'ನಿಮ್ಮವರ ಮತ ಯಾರಿಗೆ?'

(ತಾಲೂಕು ಕೇಂದ್ರವೊಂದರ ರೋಟರಿ ಸಂಸ್ಥೆಯ ವಾರದ ಸಭೆಯಲ್ಲಿ 'ರಾಜ್ಯ ರಾಜಕೀಯ' ಎಂಬ ವಿಷಯದ ಕುರಿತು ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಈ ಸಭೆಗೆ ನಮ್ಮನ್ನು ಆಹ್ವಾನಿಸಿದಾಗ ತಮ್ಮ ಕಾರ್ಯದರ್ಶಿಗಳು ಎರಡು ಷರತ್ತುಗಳನ್ನು ವಿಧಿಸಿದ್ದರು. ಪಕ್ಷ ರಾಜಕೀಯ ಬೇಡ, ಅದಕ್ಕೆ ಸಂಸ್ಥೆಯ ನಿಯಮದಲ್ಲಿ ಅವಕಾಶವಿಲ್ಲ ಎಂಬುದು ಒಂದು. ಊಟ ತಣ್ಣಗಾಗುವ ಮುನ್ನ ಮಾತು ಮುಗಿಯಬೇಕು ಎಂಬುದು ಇನ್ನೊಂದು. ಎರಡನ್ನೂ ಪಾಲಿಸಲು ಪ್ರಯತ್ನಿಸುತ್ತೇವೆ. ಆದರೆ ದೂರವಾಣಿಯನ್ನು ಕೆಳಗಿಡುವ ಮುನ್ನ ಅವರು ಸಲುಗೆಯಿಂದಲೇ ಇನ್ನೊಂದು ಮಾತು ಕೇಳಿದರು: "ಸುಮ್ಮನೆ ಕುತೂಹಲಕ್ಕೆ ಕೇಳ್ತೇನೆ, ಮುಂದಿನ ಸಲ ನಿಮ್ಮವರ ಮತ ಯಾರಿಗೆ?"

ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಅವರನ್ನು ನಾವು ಬಹಳ ವರ್ಷಗಳಿಂದ ಬಲ್ಲೆವು. ಆದರೂ ಅಂದಿನಿಂದ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಪತ್ರಕರ್ತರಾಗಿ ಹಲವು ಊರುಗಳನ್ನು ಸುತ್ತಿದ್ದೇವೆ. ಲಿಂಗಾಯತ ಅಥವಾ ಒಕ್ಕಲಿಗ ಪತ್ರಕರ್ತ ಮಿತ್ರರಿಗೂ ಜನರು ಇದೇ ಪ್ರಶ್ನೆ ಕೇಳುವುದುಂಟು. ಆದರೆ ಅವರೊಡನೆ ಮಳೆ, ಬೆಳೆ, ಕಬ್ಬಿನ ಬೆಲೆ, ನಾಲೆಯ ನೀರು, ವರ್ಗಾವಣೆಯ ದಂಧೆ ಎಲ್ಲವೂ ಚರ್ಚೆಯಾಗುತ್ತದೆ. ನಮ್ಮೊಡನೆ ಇದೊಂದೇ. ರಾಜ್ಯದ ರಾಜಕೀಯದಲ್ಲಿ ಮುಸ್ಲಿಮನಿಗೆ ಐದು ವರ್ಷಕ್ಕೊಮ್ಮೆ ಒಂದು ಗುಂಡಿ ಒತ್ತುವುದರ ಹೊರತು ಬೇರೆ ಕೆಲಸವೇ ಇಲ್ಲವೇನೋ ಎಂಬಂತೆ! ವಿಷಾದದ ಸಂಗತಿಯೆಂದರೆ, ನಮ್ಮ ಸಮುದಾಯವೂ ತನ್ನ ಬಗ್ಗೆ ಹೀಗೆಯೇ ಯೋಚಿಸಲು ಕಲಿತುಬಿಟ್ಟಿದೆ. ನಮ್ಮ ಜೊತೆ ಇಂದು ಜಮಾಅತ್‌ನ ಇಬ್ಬರು ಹಿರಿಯರೂ ಬಂದಿದ್ದಾರೆ. ಆದ್ದರಿಂದ ಇಂದಿನ ಮಾತುಗಳಲ್ಲಿ ಅರ್ಧ ತಮಗೆ, ಅರ್ಧ ಅವರಿಗೆ.

ಮೊದಲು ಲೆಕ್ಕ ನೋಡೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 12.92. ವಿಧಾನ ಸಭೆಯ 224 ಸ್ಥಾನಗಳಲ್ಲಿ ಈ ಪ್ರಮಾಣಕ್ಕೆ 29 ಶಾಸಕರಿರಬೇಕು. 2013ರಲ್ಲಿ 11, 2018ರಲ್ಲಿ 7, 2023ರಲ್ಲಿ 9 ಮಂದಿ ಗೆದ್ದರು. 2023ರ ಒಂಬತ್ತೂ ಮಂದಿ ಕಾಂಗ್ರೆಸ್ಸಿನವರು. ಜನತಾದಳ(ಎಸ್) ಹಲವರನ್ನು ನಿಲ್ಲಿಸಿತು, ಒಬ್ಬರೂ ಗೆಲ್ಲಲಿಲ್ಲ. ಬಿಜೆಪಿ ಒಬ್ಬರನ್ನೂ ನಿಲ್ಲಿಸಲಿಲ್ಲ. ಅತಿ ಹೆಚ್ಚು ಮಂದಿ ಗೆದ್ದದ್ದು ದೇವರಾಜ ಅರಸರ ಕಾಲದಲ್ಲಿ, 1978ರಲ್ಲಿ, 16. ಅತಿ ಕಡಿಮೆ ಅದರ ನಂತರದ ಚುನಾವಣೆಯಲ್ಲಿಯೇ, 1983ರಲ್ಲಿ, ಕೇವಲ 2. ನಮ್ಮ ಸಭೆಗಳಲ್ಲಿ ಈ ಅಂಕಿಗಳನ್ನು ಓದಿ ನಿಟ್ಟುಸಿರು ಬಿಡುವುದು ವಾಡಿಕೆ. ಕಡಿಮೆ ಪ್ರಾತಿನಿಧ್ಯ ಅನ್ಯಾಯವೆಂಬುದರಲ್ಲಿ ನಮಗೂ ಸಂದೇಹವಿಲ್ಲ. ಆದರೆ ಈ ಪಟ್ಟಿಯ ಅತ್ಯಂತ ದುರ್ಬಲವಾದ ವರ್ಷ, ಅಂದರೆ 1983, ನಮಗೆ ಇನ್ನೊಂದು ಕಾರಣಕ್ಕೂ ನೆನಪಿರಬೇಕು.

ಆ ವರ್ಷ ರಾಮಕೃಷ್ಣ ಹೆಗಡೆಯವರ ಸರಕಾರ ಬಂತು. ಅದರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನು ವಹಿಸಿಕೊಂಡವರು ಅಬ್ದುಲ್ ನಝೀರ್ ಸಾಬ್. ಇಲ್ಲಿರುವ ಹಿರಿಯರಿಗೆ ಅವರ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿದ ಅವರನ್ನು ಜನರು 'ನೀರ್ ಸಾಬ್' ಎಂದೇ ಕರೆದರು. ದೇಶದಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯ್ದೆಯನ್ನು ರೂಪಿಸಿದವರು ಅವರು. ಅದರಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನಗಳನ್ನು ಮೀಸಲಿಡಲಾಗಿತ್ತು. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಮನೆಯ ಹೊಸ್ತಿಲು ದಾಟದ ಸಾವಿರಾರು ಹೆಣ್ಣುಮಕ್ಕಳು ಪಂಚಾಯತಿಯ ಕುರ್ಚಿಯಲ್ಲಿ ಕುಳಿತರು. ನಝೀರ್ ಸಾಬರು 1988ರಲ್ಲಿ ತೀರಿಕೊಂಡರು. ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇಂದಿಗೂ ಮೈಸೂರಿನಲ್ಲಿದೆ.

ಅವರು ಮುಸ್ಲಿಮರಿಗಾಗಿ ಏನು ಮಾಡಿದರು ಎಂದು ನಮ್ಮ ಕೆಲವರು ಕೇಳುತ್ತಾರೆ. ಕೊಳವೆ ಬಾವಿಯ ಮುಂದೆ ಕೊಡ ಹಿಡಿದು ನಿಂತವಳಲ್ಲಿ ಮುಸ್ಲಿಮ್ ಹೆಣ್ಣುಮಗಳು ಇರಲಿಲ್ಲವೇ? 'ನಿಮ್ಮವರ ಮತ ಯಾರಿಗೆ' ಎಂಬ ಪ್ರಶ್ನೆಯನ್ನು ಮೀರಿದ ರಾಜಕಾರಣಿಯೊಬ್ಬರು ನಮ್ಮಲ್ಲಿ ಆಗಿಹೋದರು, ಆದರೆ ನಾವು ಅವರನ್ನು ಮಾದರಿಯಾಗಿ ತೆಗೆದುಕೊಳ್ಳಲಿಲ್ಲ. ಅವರು ಕಟ್ಟಿದ ವ್ಯವಸ್ಥೆಯ ಗತಿ ಏನಾಯಿತು ನೋಡಿ. ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆ ಮೇಲೆ ವರ್ಷಾನುಗಟ್ಟಲೆ ಹೊಸ ಚುನಾವಣೆಯಿಲ್ಲದೆ ಅಧಿಕಾರಿಗಳ ಆಡಳಿತವೇ ನಡೆಯಿತು. ಬಿಜೆಪಿ ಸರಕಾರವೂ ಮುಂದೂಡಿತು, ಕಾಂಗ್ರೆಸ್ ಸರಕಾರವೂ ಮುಂದೂಡಿತು. ಈ ಒಂದು ವಿಷಯದಲ್ಲಿ ಎರಡೂ ಪಕ್ಷಗಳ ನಡುವೆ ಎಂಥ ಸೌಹಾರ್ದ! ಇದನ್ನು ಪ್ರತಿಭಟಿಸಿ ನಮ್ಮ ಮೊಹಲ್ಲಾದಿಂದ ಒಂದು ಪತ್ರವಾದರೂ ಹೋಯಿತೇ?

ಇನ್ನು ಮೀಸಲಾತಿಯ ವಿಷಯ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ತಮ್ಮಲ್ಲಿ ಅನೇಕರು, ಮಾತಿನಲ್ಲಿ ಆಡದಿದ್ದರೂ ಮನಸ್ಸಿನಲ್ಲಿ, 2ಬಿ ಎಂಬುದು ಮುಸ್ಲಿಮರ ಮತಕ್ಕಾಗಿ ಕೊಟ್ಟ ಉಡುಗೊರೆ ಎಂದು ನಂಬಿದ್ದೀರಿ. ತಮ್ಮ ಸಂಸ್ಥೆಯಲ್ಲಿ ನಾಲ್ಕು ಪ್ರಶ್ನೆಗಳ ಒಂದು ಪರೀಕ್ಷೆ ಇದೆಯಲ್ಲವೇ? ಆಡುವ ಮಾತು ಸತ್ಯವೇ ಎಂಬುದು ಮೊದಲನೆಯದು. ಸಂಬಂಧಪಟ್ಟ ಎಲ್ಲರಿಗೂ ನ್ಯಾಯವಾದುದೇ ಎಂಬುದು ಎರಡನೆಯದು. ಈ ಎರಡರಲ್ಲಿ ಮಾತ್ರ ಅದನ್ನು ಪರೀಕ್ಷಿಸೋಣ.

ಕಥೆ 1995ರಲ್ಲಿ ಆರಂಭವಾದದ್ದಲ್ಲ. ಮೈಸೂರು ಸಂಸ್ಥಾನದ ಸರಕಾರಿ ಹುದ್ದೆಗಳು ಒಂದೇ ಸಮುದಾಯದ ಕೈಯಲ್ಲಿವೆ ಎಂಬ ಅಸಮಾಧಾನದಿಂದ 1917ರಲ್ಲಿ ಪ್ರಜಾಮಿತ್ರ ಮಂಡಲಿ ರೂಪುಗೊಂಡಿತು. ಅದರಲ್ಲಿ ಒಕ್ಕಲಿಗ, ಲಿಂಗಾಯತ ಮುಖಂಡರ ಜೊತೆಗೆ ಮುಸ್ಲಿಮ್ ಮುಖಂಡರೂ ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಅದು ಶಿಫಾರಸು ಮಾಡಿತು. ಆ ಹಿಂದುಳಿದವರ ಸಾಲಿನಲ್ಲಿ ಮುಸ್ಲಿಮರೂ ಇದ್ದರು. ಆಗ ವಯಸ್ಕ ಮತದಾನವೇ ಇರಲಿಲ್ಲ. ಮಹಾರಾಜರಿಗೆ ಯಾರ ಓಟ್ ಬ್ಯಾಂಕ್ ಬೇಕಾಗಿತ್ತು?

ಸ್ವಾತಂತ್ರ್ಯದ ನಂತರ ನಾಗನಗೌಡ ಸಮಿತಿ 1961ರಲ್ಲಿ ವರದಿ ಕೊಟ್ಟಿತು. ಅದರ ನಂತರ ಸರಕಾರ ಹೊರಡಿಸಿದ ಶೇ. 68ರ ಮೀಸಲಾತಿ ಆದೇಶವನ್ನು ಸುಪ್ರೀಮ್ ಕೋರ್ಟು 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ರದ್ದು ಮಾಡಿತು. ಹಾವನೂರು ಆಯೋಗದ ವರದಿ 1975ರಲ್ಲಿ ಬಂತು, 1977ರಲ್ಲಿ ಅರಸು ಸರಕಾರದ ಆದೇಶದಲ್ಲಿ ಮುಸ್ಲಿಮರಿಗೆ ಸ್ಥಾನ ದೊರೆಯಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಆಯೋಗವೂ 1990ರಲ್ಲಿ ಮುಸ್ಲಿಮರ ಹಿಂದುಳಿದಿರುವಿಕೆಯನ್ನು ಒಪ್ಪಿತು. 1994ರಲ್ಲಿ ವೀರಪ್ಪ ಮೊಯಿಲಿಯವರ ಸರಕಾರ 2ಬಿ ಎಂಬ ಪ್ರವರ್ಗ ರಚಿಸಿತು, 1995ರಲ್ಲಿ ದೇವೇಗೌಡರ ಸರಕಾರ ಅದಕ್ಕೆ ಶೇ. 4 ನಿಗದಿಪಡಿಸಿತು. ಒಕ್ಕಲಿಗರನ್ನೊಳಗೊಂಡ 3ಎಗೆ ಶೇ. 4, ಲಿಂಗಾಯತರನ್ನೊಳಗೊಂಡ 3ಬಿಗೆ ಶೇ. 5, 2ಎಗೆ ಶೇ. 15, ಪ್ರವರ್ಗ ಒಂದಕ್ಕೆ ಶೇ. 4. ನದಾಫ್, ಪಿಂಜಾರರಂತಹ ಬಡ ಮುಸ್ಲಿಮರು ಪ್ರವರ್ಗ ಒಂದರಲ್ಲಿಯೇ ಇದ್ದಾರೆ. ಶ್ರೀಮಂತ ಮುಸ್ಲಿಮನ ಮಗನಿಗೆ 2ಬಿ ಸೌಲಭ್ಯ ಸಿಗುವುದಿಲ್ಲ, ಆದಾಯದ ಮಿತಿ ಇದೆ. ಹಲವು ಸಮಿತಿಗಳು, ಎರಡು ವಿಭಿನ್ನ ಪಕ್ಷಗಳ ಸರಕಾರಗಳು, ಏಳೆಂಟು ದಶಕಗಳ ಅವಧಿ. ಇದನ್ನು ಉಡುಗೊರೆ ಎಂದು ಕರೆಯುವುದು ಸತ್ಯವೇ ಎಂಬುದನ್ನು ತಾವೇ ತೀರ್ಮಾನಿಸಬೇಕು.

2023ರ ಮಾರ್ಚ್ 27ರಂದು ಬೊಮ್ಮಾಯಿ ಸರಕಾರ ಈ ಶೇ. 4ನ್ನು ರದ್ದುಪಡಿಸಿ, ತಲಾ ಎರಡರಂತೆ ಒಕ್ಕಲಿಗರಿಗೂ ಲಿಂಗಾಯತರಿಗೂ ಹಂಚಿತು. ಮುಸ್ಲಿಮರು ಆರ್ಥಿಕವಾಗಿ ದುರ್ಬಲರಾದವರ ಶೇ. 10ರಲ್ಲಿ ಸ್ಪರ್ಧಿಸಲಿ ಎಂದಿತು. ಎರಡು ದಿನಗಳ ನಂತರ ಚುನಾವಣೆ ಘೋಷಣೆಯಾಯಿತು. ಏಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟು, ಈ ನಿರ್ಧಾರದ ಬುನಾದಿಯೇ ಮೇಲ್ನೋಟಕ್ಕೆ ಅಲುಗಾಡುವಂತಿದೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿದಾಗ, ಸರಕಾರವೇ ಅದನ್ನು ಸದ್ಯ ಜಾರಿಗೊಳಿಸುವುದಿಲ್ಲವೆಂದು ಭರವಸೆ ಕೊಟ್ಟಿತು. ಇಲ್ಲಿ ನಮಗೆ ನೋವಾದದ್ದು ರದ್ದತಿಯಿಂದ ಮಾತ್ರವಲ್ಲ. 1917ರಲ್ಲಿ ಒಂದೇ ಮಂಡಲಿಯಲ್ಲಿ ಕುಳಿತಿದ್ದ ಮೂವರಲ್ಲಿ ಒಬ್ಬನ ತಟ್ಟೆಯಿಂದ ತೆಗೆದು ಉಳಿದಿಬ್ಬರಿಗೆ ಬಡಿಸಲಾಯಿತು. ಆ ಇಬ್ಬರಿಗೂ ಬೇಕಾಗಿದ್ದದ್ದು ನಮ್ಮ ತಟ್ಟೆಯ ಅನ್ನವಾಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದವರೂ ಆ ಸಮುದಾಯಗಳಲ್ಲಿ ಇದ್ದರು. ಅವರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ.

ಈಗ ಕಾರ್ಯದರ್ಶಿಗಳ ಪ್ರಶ್ನೆಗೆ ಬರೋಣ. ಮುಸ್ಲಿಮರು ಸದಾ ಒಂದೇ ಪಕ್ಷಕ್ಕೆ ಮತ ಹಾಕುತ್ತಾರೆಂಬುದು ಚರಿತ್ರೆಯಲ್ಲ. ಎಂಬತ್ತರ ಮತ್ತು ತೊಂಬತ್ತರ ದಶಕಗಳಲ್ಲಿ ಜನತಾ ಪರಿವಾರಕ್ಕೆ ಅವರ ಬೆಂಬಲ ಸಣ್ಣದಾಗಿರಲಿಲ್ಲ. ಹಳೆ ಮೈಸೂರು ಭಾಗದ ಹಲವೆಡೆ ಜನತಾದಳ(ಎಸ್)ದೊಡನೆ ಆ ಸಂಬಂಧ ಮುಂದುವರಿಯಿತು. 2006ರಲ್ಲಿ ಆ ಪಕ್ಷ ಬಿಜೆಪಿಯೊಡನೆ ಸರಕಾರ ರಚಿಸಿತು, 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕೈ ಜೋಡಿಸಿತು. ಇತ್ತ 2021ರ ಆರಂಭದಲ್ಲಿ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಜಾರಿಗೆ ಬಂತು. 2022ರಲ್ಲಿ ಮೊದಲು ಕಾಲೇಜಿನ ಗೇಟಿನಲ್ಲಿ ಹಿಜಾಬ್, ನಂತರ ಜಾತ್ರೆಯಲ್ಲಿ ನಮ್ಮ ವ್ಯಾಪಾರಿಗಳಿಗೆ ಬಹಿಷ್ಕಾರ, ಆ ಮೇಲೆ ಹಲಾಲ್. ಹಿಜಾಬ್ ವಿಷಯದಲ್ಲಿ ಆ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಎರಡು ಅಭಿಪ್ರಾಯ ಕೊಟ್ಟರು. ಅಷ್ಟು ಹೊತ್ತಿಗೆ ಪರೀಕ್ಷೆ ಕಳೆದುಕೊಂಡ ಹುಡುಗಿಯರು ಮನೆಯಲ್ಲಿದ್ದರು. ಇಂತಹ ವರ್ಷದ ನಂತರ ಒಬ್ಬ ತಂದೆ ಮತಗಟ್ಟೆಗೆ ಹೋದಾಗ ಅವನು ಏನನ್ನು ನೋಡುತ್ತಾನೆ? ರಸ್ತೆ, ನೀರು, ಆಸ್ಪತ್ರೆ ಯಾವುದೂ ಅವನ ಕಣ್ಣಿಗೆ ಬೀಳುವುದಿಲ್ಲ. ಮಗಳು ನೆಮ್ಮದಿಯಿಂದ ಮನೆಗೆ ಮರಳಿದರೆ ಸಾಕು ಎಂದುಕೊಂಡು ಗುಂಡಿ ಒತ್ತುತ್ತಾನೆ. ಬಿಜೆಪಿ ಒಂದೇ ಒಂದು ಟಿಕೆಟನ್ನೂ ಕೊಡದಿರುವಾಗ, ಅವನ ಆಯ್ಕೆ ಎಷ್ಟು ವಿಶಾಲವಾಗಿದೆಯೆಂದು ಕೇಳುವ ಹಕ್ಕು ಅವನಿಗೂ ಇರಬೇಕಲ್ಲವೇ?

ಆದರೆ ಭಯದಿಂದ ಹಾಕಿದ ಮತಕ್ಕೆ ಒಂದು ದೋಷವಿದೆ. ಅದನ್ನು ಪಡೆದವನು ಯಾವ ಲೆಕ್ಕವನ್ನೂ ಕೊಡಬೇಕಾಗಿಲ್ಲ. 'ಅವರು ಬರಲಿಲ್ಲ, ಅದೇ ನಿಮಗೆ ಲಾಭ' ಎಂದುಬಿಟ್ಟರೆ ಮಾತು ಮುಗಿಯಿತು. 2025ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸರಕಾರ ಸರಕಾರಿ ಗುತ್ತಿಗೆಗಳಲ್ಲಿ 2ಬಿಗೆ ಶೇ. 4 ಕೊಡುವ ಮಸೂದೆ ತಂದಿತು. ಸದನದಲ್ಲಿ ಗದ್ದಲವಾಯಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು. ಬಿಜೆಪಿಗೆ ಭಾಷಣ ಸಿಕ್ಕಿತು, ಕಾಂಗ್ರೆಸ್ಸಿಗೂ ಭಾಷಣ ಸಿಕ್ಕಿತು. ನಮ್ಮ ಮೊಹಲ್ಲಾದಲ್ಲಿ ಸರಕಾರಿ ಗುತ್ತಿಗೆ ಹಿಡಿಯುವವರು ಎಷ್ಟು ಮಂದಿ? ಬೆರಳೆಣಿಕೆಯಷ್ಟು. ಅದೇ 2022ರಲ್ಲಿ ಕೇಂದ್ರ ಸರಕಾರ ಅಲ್ಪಸಂಖ್ಯಾತರ ಪೈಕಿ ಒಂದರಿಂದ ಎಂಟನೇ ತರಗತಿಯವರೆಗಿನ ಮಕ್ಕಳ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು, ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ನಿಲ್ಲಿಸಿತು. ಅದು ಪ್ರತಿ ಮನೆಗೂ ತಟ್ಟುವ ವಿಷಯ. ಅದಕ್ಕಾಗಿ ಎಷ್ಟು ಜಮಾಅತ್‌ಗಳಲ್ಲಿ ಸಭೆ ಸೇರಿತು?

ಇಲ್ಲಿಂದ ಮುಂದಿನ ಮಾತು ಮುಖ್ಯವಾಗಿ ನಮ್ಮ ಹಿರಿಯರಿಗೆ. ಅವರು ಬೇಸರಪಡಬಾರದು.

ಕೆಲವು ಸಮಯದ ಹಿಂದೆ ಒಂದು ಊರಿನ ಜಮಾಅತ್‌ನ ನಿಯೋಗ ಶಾಸಕರನ್ನು ಕಾಣಲು ಹೊರಟಾಗ ನಾವೂ ಜೊತೆಗೂಡಿದ್ದೆವು. ಮನವಿ ಪತ್ರವನ್ನು ಚೆನ್ನಾಗಿ ಬರೆಯಬಲ್ಲಿರಿ ಎಂದು ನಮ್ಮ ಕೈಗೇ ಅದನ್ನು ಕೊಟ್ಟಿದ್ದರು. ಬೇಡಿಕೆ ನಾಲ್ಕು. ಖಬರಸ್ಥಾನಕ್ಕೆ ಆವರಣ ಗೋಡೆ, ಶಾದಿ ಮಹಲ್‌ಗೆ ಎರಡನೇ ಮಹಡಿ, ಮಸೀದಿಯ ಮುಂದಿನ ರಸ್ತೆಗೆ ಕಾಂಕ್ರೀಟು, ಈದ್ಗಾಹ್‌ಗೆ ದೀಪ. ಶಾಸಕರು ಓದಿದರು, ಮುಗುಳ್ನಕ್ಕರು, ನಾಲ್ಕಕ್ಕೂ ಒಪ್ಪಿದರು. ಚಹಾ ಬಂತು. ಹೊರಬರುವಾಗ ಎಲ್ಲರ ಮುಖದಲ್ಲೂ ಸಂತೋಷ. ಅದೇ ಹೊತ್ತಿಗೆ ಪಕ್ಕದ ಹಳ್ಳಿಯ ಬೇರೆ ಸಮುದಾಯದ ರೈತರ ಗುಂಪು ಒಳಗೆ ಹೋಯಿತು. ಅವರ ಮನವಿ ಪದವಿಪೂರ್ವ ಕಾಲೇಜಿಗೆ ವಿಜ್ಞಾನ ವಿಭಾಗ ಬೇಕೆಂಬುದು. ಅವರಿಗೆ ಚಹಾ ಸಿಗಲಿಲ್ಲ, ಜೋರು ಮಾತು ಕೇಳಿಸಿತು. ಅವರು ಮತ್ತೆ ಮತ್ತೆ ಬಂದರಂತೆ. ವಿಜ್ಞಾನ ವಿಭಾಗ ಆರಂಭವಾಯಿತು. ನಮ್ಮ ಖಬರಸ್ಥಾನದ ಗೋಡೆಯೂ ಎದ್ದಿತು.

ಸತ್ತವರ ಜಾಗಕ್ಕೆ ಗೋಡೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಆ ಮನವಿಯಲ್ಲಿ ಬದುಕಿರುವವರಿಗಾಗಿ ಏನಿತ್ತು? ಅದನ್ನು ಬರೆದವರು ನಾವೇ ಆದ್ದರಿಂದ ಈ ಪ್ರಶ್ನೆಯನ್ನು ಮೊದಲು ನಮಗೇ ಕೇಳಿಕೊಂಡಿದ್ದೇವೆ. 2001ರ ಜನಗಣತಿಯಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇ. 70.1 ಇತ್ತು, ರಾಜ್ಯದ ಸರಾಸರಿ ಶೇ. 66.6. ಈ ಅಂಕಿ ಅನೇಕರಿಗೆ ಅಚ್ಚರಿ ತರುತ್ತದೆ. ನಮ್ಮವರು ಹೆಚ್ಚಾಗಿ ಪಟ್ಟಣವಾಸಿಗಳು, ಶಾಲೆ ಹತ್ತಿರದಲ್ಲಿರುತ್ತದೆ, ಮದ್ರಸದಲ್ಲಿ ಅಕ್ಷರದ ಅಭ್ಯಾಸವಾಗುತ್ತದೆ. ಅಂದರೆ ನಮ್ಮ ಸಮಸ್ಯೆ ಅಕ್ಷರದ ಮೊದಲ ಮೆಟ್ಟಿಲಿನದ್ದಲ್ಲ. ಹತ್ತನೆಯ ತರಗತಿಯ ಆಚೆಗೆ ಮೆಟ್ಟಿಲು ಹತ್ತುವವರು ಕಡಿಮೆ. ಹುಡುಗ ಗ್ಯಾರೇಜಿಗೆ ಹೋಗುತ್ತಾನೆ, ಹುಡುಗಿಗೆ ಸಂಬಂಧ ನೋಡುತ್ತಾರೆ.

ಹಾಗೂ ಹತ್ತಿದವರ ಒಂದು ಉದಾಹರಣೆ ಹೇಳುತ್ತೇವೆ. ನಮ್ಮ ಪರಿಚಯದ ಕುಟುಂಬವೊಂದರ ಹುಡುಗಿ, ತಂದೆ ಹಣ್ಣಿನ ವ್ಯಾಪಾರಿ, ಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕ್ ಪಡೆದಳು. 2ಬಿಯಲ್ಲಿ ಸೀಟು ಖಚಿತವಿತ್ತು. ಆದರೆ ಜಾತಿ ಮತ್ತು ಆದಾಯ ಪ್ರಮಾಣ ಪತ್ರದಲ್ಲಿ ತಂದೆಯ ಹೆಸರು 'ಸಯ್ಯದ್', ಅಂಕಪಟ್ಟಿಯಲ್ಲಿ 'ಸೈಯ್ಯದ್', ಆಧಾರ್‌ನಲ್ಲಿ ಬರೀ 'ಎಸ್.'. ಪ್ರಮಾಣ ಪತ್ರದ ಆರ್‌ಡಿ ಸಂಖ್ಯೆ ದಾಖಲೆಗಳೊಡನೆ ತಾಳೆಯಾಗಲಿಲ್ಲ. ತಿದ್ದುಪಡಿಗಾಗಿ ತಂದೆ ಒಂದು ತಾಲೂಕು ಕಚೇರಿಗೆ ಹನ್ನೊಂದು ದಿನ ಅಲೆದರು. ಗಾಡಿ ಅಷ್ಟೂ ದಿನ ನಿಂತಿತ್ತು. ಪ್ರಮಾಣ ಪತ್ರ ಕೈಗೆ ಬಂದಾಗ ಪರಿಶೀಲನೆಯ ಗಡುವು ಮುಗಿದಿತ್ತು. ಅವಳು ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಬೇಕಾಯಿತು, ಸೀಟು ತಪ್ಪಿತು. ಅದಕ್ಕಾಗಿ ಮಹಾರಾಜರ ಕಾಲದಿಂದ ಸಮಿತಿಗಳು ಕುಳಿತಿದ್ದವು, ಬೆಂಗಳೂರಿನಲ್ಲಿ ಮೆರವಣಿಗೆಗಳು ನಡೆದಿದ್ದವು, ದಿಲ್ಲಿಯಲ್ಲಿ ವಕೀಲರು ವಾದಿಸಿದ್ದರು. ಅವಳಿಗೆ ಬೇಕಾಗಿದ್ದದ್ದು ಒಂದು ಅಕ್ಷರವನ್ನು ಸರಿಪಡಿಸಿ ಕೊಡುವವರು. ಆ ಊರಿನ ಮಸೀದಿ ಸಮಿತಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದರು. ಅವರಿಗೆ ವಿಷಯ ಗೊತ್ತಾದದ್ದು ಎಲ್ಲ ಮುಗಿದ ನಂತರ.

ಅವಳೀಗ ಮನೆಯಲ್ಲಿ ನೆರೆಹೊರೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ನಾವು ಭೇಟಿಯಾದಾಗ ಅವಳು ಯಾರನ್ನೂ ದೂರಲಿಲ್ಲ. ತನ್ನ ತಂಗಿಯ ಕಾಗದಗಳನ್ನು ಮಾತ್ರ ತಂದು, "ಇದರಲ್ಲಿ ಎಲ್ಲ ಸರಿ ಇದೆಯಾ ಸರ್, ನೋಡಿ" ಎಂದಳು.

ಮಿತ್ರರೇ, ಊಟದ ವಾಸನೆ ಬರುತ್ತಿದೆ. ಒಂದು ಚರಿತ್ರೆಯನ್ನು ಹೇಳಿ, ಒಂದು ಕೋರಿಕೆಯನ್ನು ಮುಂದಿಟ್ಟು ಮುಗಿಸುತ್ತೇವೆ.

ಪ್ರವಾದಿ ಮುಹಮ್ಮದ್(ಸ)ರು ಪ್ರವಾದಿಯಾಗುವುದಕ್ಕೆ ಬಹಳ ವರ್ಷಗಳ ಮೊದಲು ಮಕ್ಕಾಕ್ಕೆ ಯಮನಿನ ವ್ಯಾಪಾರಿಯೊಬ್ಬ ಸರಕು ತಂದ. ಊರಿನ ಪ್ರಬಲ ವ್ಯಕ್ತಿಯೊಬ್ಬ ಅದನ್ನು ಕೊಂಡು ಹಣ ಕೊಡಲಿಲ್ಲ. ಪರದೇಶಿಯ ಪರವಾಗಿ ಯಾವ ಗೋತ್ರವೂ ನಿಲ್ಲಲಿಲ್ಲ. ಅವನು ಬೆಟ್ಟ ಹತ್ತಿ ಕೂಗಿ ಹೇಳಿದ. ಆಗ ಕೆಲವು ಗೋತ್ರಗಳವರು ಅಬ್ದುಲ್ಲಾ ಬಿನ್ ಜುದ್‌ಆನ್ ಎಂಬವರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ದೊರೆಯುವವರೆಗೆ ಒಟ್ಟಾಗಿ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಹಿಲ್ಫುಲ್ ಫುಝೂಲ್ ಎಂದು ಅದರ ಹೆಸರು. ಯುವಕರಾಗಿದ್ದ ಪ್ರವಾದಿ(ಸ)ಯವರು ಆ ಸಭೆಯಲ್ಲಿದ್ದರು. ಇಸ್ಲಾಮಿನ ನಂತರವೂ ಅಂತಹ ಒಪ್ಪಂದಕ್ಕೆ ಕರೆದರೆ ಹೋಗುವೆನೆಂದು ಅವರು ಹೇಳಿದ್ದಾರೆ. ಆ ಮನೆಯಲ್ಲಿ ಸೇರಿದವರು ಮುಸ್ಲಿಮರಾಗಿರಲಿಲ್ಲ. ಮದ್ರಸದಲ್ಲಿ ಈ ಪಾಠ ಓದಿದಾಗ ನಾವು ಚಿಕ್ಕವರು, ಅದರ ಅರ್ಥ ಅಷ್ಟಾಗಿ ತಿಳಿದಿರಲಿಲ್ಲ. ಈ ಸಭಾಂಗಣದಲ್ಲಿ ನಿಂತಾಗ ತಿಳಿಯುತ್ತಿದೆ.

ತಮಗೂ ಇದು ಹೊಸದಲ್ಲ. ಉತ್ತರ ಪ್ರದೇಶದ ಹಲವು ಮುಸ್ಲಿಮ್ ಮೊಹಲ್ಲಾಗಳಲ್ಲಿ ಪೋಲಿಯೋ ಹನಿಯ ಬಗ್ಗೆ ಗಾಳಿಸುದ್ದಿ ಹಬ್ಬಿ ತಾಯಂದಿರು ಬಾಗಿಲು ಮುಚ್ಚಿಕೊಂಡಿದ್ದಾಗ, ರೋಟರಿಯವರು ಉಲಮಾಗಳ ಬಳಿಗೆ ಹೋದರು. ಮಸೀದಿಗಳಿಂದ ಕರೆ ಹೊರಟ ಮೇಲೆ ಬಾಗಿಲುಗಳು ತೆರೆದವು. 2011ರ ಜನವರಿಯ ನಂತರ ದೇಶದಲ್ಲಿ ವೈಲ್ಡ್ ಪೋಲಿಯೋ ವೈರಾಣುವಿನ ಹೊಸ ಪ್ರಕರಣ ಕಾಣಲಿಲ್ಲ. 2014ರಲ್ಲಿ ಭಾರತ ಪೋಲಿಯೋ ಮುಕ್ತವೆಂದು ಘೋಷಿತವಾಯಿತು.

ನಮ್ಮ ಕೋರಿಕೆ ಅದಕ್ಕಿಂತ ಬಹಳ ಸಣ್ಣದು. ತಮ್ಮ ಈ ಕಟ್ಟಡ ತಾಲೂಕು ಕಚೇರಿಗೆ ನಾಲ್ಕು ಹೆಜ್ಜೆ. ತಮ್ಮ ಸದಸ್ಯರಲ್ಲಿ ವಕೀಲರಿದ್ದಾರೆ, ಲೆಕ್ಕ ಪರಿಶೋಧಕರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ಪ್ರತಿ ವರ್ಷ ಹತ್ತನೆಯ ಮತ್ತು ಪದವಿಪೂರ್ವ ಫಲಿತಾಂಶಕ್ಕೆ ಎರಡು ತಿಂಗಳು ಮೊದಲು, ಎರಡು ಭಾನುವಾರ ಈ ಸಭಾಂಗಣವನ್ನು ತೆರೆದಿಡಿ. 2ಬಿ ಮಾತ್ರವಲ್ಲ, 2ಎ, 3ಎ, ಪರಿಶಿಷ್ಟ ಜಾತಿ, ಯಾವ ಮಗುವೇ ಬರಲಿ, ಕಾಗದಗಳನ್ನು ನೋಡಿ, ಹೆಸರಿನ ತಪ್ಪುಗಳನ್ನು ಗುರುತಿಸಿ, ಅರ್ಜಿ ತುಂಬಿ ಕೊಡಿ. ಜುಮಾ ನಮಾಝಿನ ನಂತರ ಮಸೀದಿಯಲ್ಲಿ ಘೋಷಣೆ ಮಾಡಿಸುವ ಹೊಣೆ ನಮ್ಮ ಈ ಇಬ್ಬರು ಹಿರಿಯರದ್ದು, ಬರುವಾಗ ಕಾರಿನಲ್ಲಿಯೇ ಒಪ್ಪಿಕೊಂಡಿದ್ದಾರೆ. ಆ ನಿವೃತ್ತ ಗುಮಾಸ್ತರೂ ಬರುತ್ತಾರೆ.

ಮೊದಲ ಭಾನುವಾರ ಯಾವುದು ಎಂಬುದನ್ನು ಅಧ್ಯಕ್ಷರು ಗಂಟೆ ಬಾರಿಸುವ ಮುನ್ನ ತಿಳಿಸಿದರೆ, ಮುಂದಿನ ಸಂಚಿಕೆಯಲ್ಲಿಯೇ ಪ್ರಕಟಿಸುತ್ತೇವೆ.